ಹೆಡ್‌ಲೈಟ್‌ಗೆ ಎಚ್‌ಐಡಿ ಬಲ್ಬ್ ಹಾಕಿಸಿದರೆ ರಾತ್ರಿ ರಸ್ತೆ ಚೆನ್ನಾಗಿ ಕಾಣುತ್ತದೆಯೇ?

"ನಿಮ್ಮ ಕಾರಿನ ಹೆಡ್‌ಲೈಟ್ ಮಂಕಾಗಿದೆಯೇ? ಕಂಪನಿ ಬಲ್ಬ್ ತೆಗೆದು ಎಚ್‌ಐಡಿ ಕಿಟ್ ಹಾಕಿಸಿ, ರಾತ್ರಿ ಹಗಲಾಗುತ್ತದೆ." ಇಂಥ ಸಂದೇಶ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ಜೊತೆಗೆ ಎರಡು ಫೋಟೊ ಇರುತ್ತವೆ. ಒಂದರಲ್ಲಿ ಹಳದಿ ಮಬ್ಬು ಬೆಳಕು, ಇನ್ನೊಂದರಲ್ಲಿ ಹಾಲು ಚೆಲ್ಲಿದಂತೆ ಬೆಳ್ಳಗಿನ ರಸ್ತೆ. ನೋಡಿದವರಿಗೆ ನಾಳೆಯೇ ಆಕ್ಸೆಸರಿ ಅಂಗಡಿಗೆ ಹೋಗೋಣ ಅನ್ನಿಸುವುದು ಸಹಜ.

ಆ ಫೋಟೊ ಸುಳ್ಳಲ್ಲ. ಬೆಳಕು ನಿಜಕ್ಕೂ ಹೆಚ್ಚಾಗುತ್ತದೆ. ಆದರೆ ಬೆಳಕು ಹೆಚ್ಚಾಗುವುದೇ ಬೇರೆ, ರಸ್ತೆ ಚೆನ್ನಾಗಿ ಕಾಣುವುದೇ ಬೇರೆ. ಈ ವ್ಯತ್ಯಾಸ ತಿಳಿಯದೆ ಹಾಕಿಸಿಕೊಂಡ ಕಿಟ್‌ನಿಂದ ನಿಮ್ಮ ಹಣವಷ್ಟೇ ಹೋಗುವುದಿಲ್ಲ, ಎದುರಿನಿಂದ ಬೈಕಿನಲ್ಲಿ ಬರುತ್ತಿರುವವರ ಪ್ರಾಣಕ್ಕೂ ಕುತ್ತು ಬರಬಹುದು.

ಚುಟುಕಾಗಿ ಉತ್ತರ

- ಹ್ಯಾಲೊಜನ್ ಬಲ್ಬಿಗೆಂದು ಮಾಡಿದ ಹೆಡ್‌ಲೈಟ್‌ನೊಳಗೆ ಎಚ್‌ಐಡಿ ಬಲ್ಬ್ ಹಾಕಿದರೆ ಬೆಳಕು ಚದುರುತ್ತದೆ. ಹತ್ತಿರದ ರಸ್ತೆ ಬೆಳ್ಳಗಾಗುತ್ತದೆ, ದೂರದ ರಸ್ತೆ ಅಷ್ಟಾಗಿ ಕಾಣುವುದಿಲ್ಲ, ಎದುರಿನವರ ಕಣ್ಣು ಕುಕ್ಕುತ್ತದೆ.
- ಕಾರು ಕಂಪನಿಯೇ ಎಚ್‌ಐಡಿಗೆಂದು ವಿನ್ಯಾಸ ಮಾಡಿದ ಹೆಡ್‌ಲೈಟ್ ಇದ್ದರೆ ಅದು ಒಳ್ಳೆಯ ದೀಪವೇ.
- ಭಾರತದಲ್ಲಿ ಇಂಥ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯಡಿ ದಂಡ ಬೀಳಬಹುದು.
- ಮಂಕಾದ ಹೆಡ್‌ಲೈಟ್‌ಗೆ ಬಹಳಷ್ಟು ಸಲ ಕಡಿಮೆ ಖರ್ಚಿನ, ಕಾನೂನುಬದ್ಧ ಪರಿಹಾರಗಳಿವೆ.

ಎಚ್‌ಐಡಿ ಅಥವಾ ಕ್ಸೆನಾನ್ ದೀಪ ಎಂದರೇನು?

ನಮ್ಮ ರಸ್ತೆಗಳ ಬಹಳಷ್ಟು ಕಾರುಗಳಲ್ಲಿ ಇವತ್ತಿಗೂ ಇರುವುದು ಹ್ಯಾಲೊಜನ್ ಬಲ್ಬ್. ಅದರೊಳಗೆ ಟಂಗ್‌ಸ್ಟನ್ ತಂತಿಯ ಸಣ್ಣ ಸುರುಳಿ ಇರುತ್ತದೆ. ವಿದ್ಯುತ್ ಹರಿದಾಗ ತಂತಿ ಕಾದು ಬೆಳಕು ಕೊಡುತ್ತದೆ. ಮನೆಯ ಹಳೆಯ ಬಲ್ಬಿನ ತಮ್ಮ ಎನ್ನಬಹುದು.

ಕ್ಸೆನಾನ್ ದೀಪದಲ್ಲಿ ತಂತಿಯೇ ಇಲ್ಲ. ಸುಮಾರು 4 ಮಿಲಿಮೀಟರ್ ಅಂತರದಲ್ಲಿ ಎರಡು ಲೋಹದ ತುದಿಗಳಿರುತ್ತವೆ. ಅವುಗಳ ನಡುವೆ ಕ್ಸೆನಾನ್ ಅನಿಲ ಮತ್ತು ಕೆಲವು ಲೋಹದ ಲವಣಗಳನ್ನು ತುಂಬಿರುತ್ತಾರೆ. ಸ್ವಿಚ್ ಹಾಕಿದ ಕೂಡಲೇ 20 ಸಾವಿರ ವೋಲ್ಟ್‌ಗೂ ಮಿಕ್ಕಿದ ಕಿಡಿ ಹಾರಿ ದೀಪ ಹೊತ್ತಿಕೊಳ್ಳುತ್ತದೆ. ಮೊದಲ ಕ್ಷಣದ ಬೆಳಕು ಕ್ಸೆನಾನ್ ಅನಿಲದ್ದು. ಕೆಲವು ಸೆಕೆಂಡುಗಳಲ್ಲಿ ಲವಣಗಳು ಕಾದು ಆವಿಯಾದ ಮೇಲೆ ಪೂರ್ತಿ ಬೆಳಕು ಬರುತ್ತದೆ. ಈ ಕಿಡಿಯನ್ನು ಕೊಟ್ಟು, ಆಮೇಲೆ ವಿದ್ಯುತ್ತನ್ನು ಹದದಲ್ಲಿಡುವ ಪೆಟ್ಟಿಗೆಯ ಹೆಸರು ಬಲಾಸ್ಟ್. ಅಂಗಡಿಗಳಲ್ಲಿ ಮಾರುವ ಕಿಟ್‌ನಲ್ಲಿ ಎರಡು ಬಲ್ಬ್, ಎರಡು ಬಲಾಸ್ಟ್ ಮತ್ತು ಒಂದಿಷ್ಟು ವೈರಿಂಗ್ ಇರುತ್ತದೆ.

ಈ ದೀಪ ಕಾರುಗಳಿಗೆ ಬಂದದ್ದು 1991ರಲ್ಲಿ, ಬಿಎಂಡಬ್ಲ್ಯು 7 ಸೀರೀಸ್ ಮೂಲಕ. ಅದರ ಹೆಗ್ಗಳಿಕೆ ಸುಳ್ಳಲ್ಲ ಎನ್ನುವುದನ್ನು ಈ ಅಂಕಿಗಳೇ ಹೇಳುತ್ತವೆ.

- ಎಚ್4 ಹ್ಯಾಲೊಜನ್, ಡಿಪ್‌ನಲ್ಲಿ: 55 ವ್ಯಾಟ್, ಸುಮಾರು 1,000 ಲ್ಯೂಮೆನ್
- ಎಚ್7 ಹ್ಯಾಲೊಜನ್: 55 ವ್ಯಾಟ್, ಸುಮಾರು 1,500 ಲ್ಯೂಮೆನ್
- ಡಿ2ಎಸ್ ಕ್ಸೆನಾನ್: 35 ವ್ಯಾಟ್, ಸುಮಾರು 3,200 ಲ್ಯೂಮೆನ್

ಲ್ಯೂಮೆನ್ ಎಂದರೆ ಬಲ್ಬಿನಿಂದ ಹೊರಬರುವ ಒಟ್ಟು ಬೆಳಕಿನ ಅಳತೆ. ಕಡಿಮೆ ವಿದ್ಯುತ್ತಿನಲ್ಲಿ ಎರಡು ಮೂರು ಪಟ್ಟು ಬೆಳಕು! ಹಾಗಾದರೆ ತೊಂದರೆ ಎಲ್ಲಿ?

ತೊಂದರೆ ಬಲ್ಬಿನಲ್ಲಿಲ್ಲ, ಬಟ್ಟಲಿನಲ್ಲಿದೆ

ಹೆಡ್‌ಲೈಟ್ ಎಂದರೆ ಬರೀ ಬಲ್ಬ್ ಅಲ್ಲ. ಬಲ್ಬಿನ ಹಿಂದೆ ಕನ್ನಡಿಯಂತೆ ಹೊಳೆಯುವ ಬಟ್ಟಲೊಂದಿದೆ, ಅದೇ ರಿಫ್ಲೆಕ್ಟರ್. ಬಲ್ಬು ಎಲ್ಲ ದಿಕ್ಕಿಗೂ ಚೆಲ್ಲುವ ಬೆಳಕನ್ನು ಹಿಡಿದು ರಸ್ತೆಯ ಯಾವ ಭಾಗಕ್ಕೆ ಎಷ್ಟು ಬೇಕೋ ಅಷ್ಟೇ ಹಂಚುವ ಕೆಲಸ ಅದರದ್ದು.

ಹ್ಯಾಲೊಜನ್ ಸುರುಳಿ ಇಂಥ ಜಾಗದಲ್ಲೇ, ಇಷ್ಟೇ ಉದ್ದ, ಇಷ್ಟೇ ದಪ್ಪ ಇರುತ್ತದೆ ಎಂಬ ಲೆಕ್ಕದ ಮೇಲೆ ಈ ಬಟ್ಟಲಿನ ತಿರುವುಗಳನ್ನು ರೂಪಿಸಿರುತ್ತಾರೆ. ಸುರುಳಿ ಒಂದು ಮಿಲಿಮೀಟರ್ ಆಚೀಚೆ ಆದರೂ ಬೆಳಕು ಬೀಳುವ ಜಾಗ ಬದಲಾಗುತ್ತದೆ.

ನಮ್ಮ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿರುವ ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಒಳಗೆ ಎರಡು ಸುರುಳಿಗಳಿವೆ, ಒಂದು ಹೈ ಬೀಮ್‌ಗೆ, ಇನ್ನೊಂದು ಡಿಪ್‌ಗೆ. ಡಿಪ್ ಸುರುಳಿಯ ಕೆಳಗೆ ಚಮಚದಂಥ ಪುಟ್ಟ ಲೋಹದ ತಟ್ಟೆ ಇದೆ. ಆ ಸುರುಳಿಯ ಬೆಳಕು ಬಟ್ಟಲಿನ ಕೆಳ ಅರ್ಧಕ್ಕೆ ಬೀಳದಂತೆ ಅದು ತಡೆಯುತ್ತದೆ. ಕೆಳ ಅರ್ಧಕ್ಕೆ ಬಿದ್ದ ಬೆಳಕು ಪ್ರತಿಫಲಿಸಿ ಮೇಲಕ್ಕೆ, ಅಂದರೆ ಎದುರಿನವರ ಮುಖಕ್ಕೆ ಹೋಗುತ್ತದೆ. ಅಷ್ಟು ಸಣ್ಣ ತಟ್ಟೆಯ ಕೆಲಸ ಅಷ್ಟು ದೊಡ್ಡದು.

ಈಗ ಇದೇ ಜಾಗಕ್ಕೆ ಎಚ್‌ಐಡಿ ಬಲ್ಬ್ ತೂರಿಸಿದರೆ ಏನಾಗುತ್ತದೆ? ನೆಟ್ಟಗಿನ ಸುರುಳಿಯ ಬದಲು ಅಲ್ಲಿ ಬಿಲ್ಲಿನಂತೆ ಬಾಗಿದ ಬೆಳಕಿನ ಕಮಾನು ಇರುತ್ತದೆ. ಅದರ ಹೊಳಪು ಎಲ್ಲ ಕಡೆ ಸಮನಾಗಿರದೆ ತುದಿಗಳ ಹತ್ತಿರ ಹೆಚ್ಚಿರುತ್ತದೆ. ಒಂದೇ ಬಲ್ಬಿನಲ್ಲಿ ಡಿಪ್ ಮತ್ತು ಹೈ ಬೀಮ್ ಎರಡೂ ಬೇಕೆಂದು ಕೆಲವು ಕಿಟ್‌ಗಳಲ್ಲಿ ಇಡೀ ಬಲ್ಬನ್ನೇ ಅಯಸ್ಕಾಂತದಿಂದ ಹಿಂದೆ ಮುಂದೆ ಸರಿಸುತ್ತಾರೆ. ಬಟ್ಟಲಿಗೆ ಈ ಲೆಕ್ಕ ಯಾವುದೂ ಗೊತ್ತಿಲ್ಲ. ಅದು ತನಗೆ ಗೊತ್ತಿರುವಂತೆ ಹಂಚುತ್ತದೆ, ಬೆಳಕು ಎಲ್ಲೆಲ್ಲೋ ಚೆಲ್ಲುತ್ತದೆ. ಬೇರೆಯವರ ಅಳತೆಗೆ ಮಾಡಿಸಿದ ಕನ್ನಡಕ ಹಾಕಿಕೊಂಡ ಹಾಗೆ. ಗಾಜು ಎಷ್ಟೇ ದುಬಾರಿಯಾದರೂ ನಿಮ್ಮ ಕಣ್ಣಿಗೆ ಅದು ಹೊಂದುವುದಿಲ್ಲ.

ಒಳ್ಳೆಯ ಡಿಪ್ ಬೆಳಕಿಗೆ ಮೇಲ್ಗಡೆ ಸ್ಪಷ್ಟವಾದ ಗೆರೆ ಇರಬೇಕು. ಗೆರೆಯ ಕೆಳಗೆ ಬೆಳಕು, ಮೇಲೆ ಕತ್ತಲು. ಹ್ಯಾಲೊಜನ್ ಡಿಪ್‌ಗೆ ಯುರೋಪಿನ ಮಾನದಂಡ ಎಷ್ಟು ಬಿಗಿ ಎಂದರೆ, 25 ಮೀಟರ್ ದೂರದ ಪರದೆಯ ಮೇಲೆ ರಸ್ತೆಯ ನಮ್ಮ ಬದಿಗೆ ಹೊಂದುವ ಬಿಂದುವಿನಲ್ಲಿ ಕನಿಷ್ಠ 12 ಲಕ್ಸ್ ಬೆಳಕಿರಬೇಕು. ಎದುರಿನ ಚಾಲಕನ ಕಣ್ಣಿಗೆ ಹೊಂದುವ ಬಿಂದುವಿನಲ್ಲಿ 0.4 ಲಕ್ಸ್‌ಗಿಂತ ಹೆಚ್ಚಿರಬಾರದು. ಅಂದರೆ 30 ಪಟ್ಟು ವ್ಯತ್ಯಾಸ. ಎಚ್‌ಐಡಿ ಕಿಟ್ ಹಾಳು ಮಾಡುವುದು ಈ ವ್ಯತ್ಯಾಸವನ್ನೇ.

ಬೆಳಕು ಹೆಚ್ಚಿದರೂ ಕಾಣುವುದು ಕಡಿಮೆ ಏಕೆ?

ಕಿಟ್ ಹಾಕಿಸಿದವರನ್ನು ಕೇಳಿದರೆ "ಸೂಪರ್ ಆಗಿದೆ, ಮುಂಚೆ ಏನೂ ಕಾಣ್ತಿರಲಿಲ್ಲ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಕಣ್ಣು ಅವರನ್ನು ಏಮಾರಿಸುತ್ತಿದೆ.

ಚದುರಿದ ಬೆಳಕಿನ ದೊಡ್ಡ ಪಾಲು ಬೀಳುವುದು ಬಂಪರಿನ ಮುಂದಿನ ಹತ್ತಿಪ್ಪತ್ತು ಮೀಟರ್ ರಸ್ತೆಯ ಮೇಲೆ. ಆ ಜಾಗ ಬೆಳ್ಳಗೆ ಹೊಳೆದಾಗ ಮನಸ್ಸಿಗೆ ಧೈರ್ಯ ಬರುತ್ತದೆ. ಆದರೆ ಕಣ್ಣಿನ ಪಾಪೆ ಅಷ್ಟು ಬೆಳಕಿಗೆ ಕಿರಿದಾಗುತ್ತದೆ, ಕಣ್ಣು ಆ ಹೊಳಪಿಗೆ ಒಗ್ಗಿಕೊಳ್ಳುತ್ತದೆ. ಆಗ ದೂರದ ಮಂದ ಬೆಳಕಿನಲ್ಲಿರುವ ವಸ್ತು ಇನ್ನಷ್ಟು ಕಪ್ಪಾಗಿ ತೋರುತ್ತದೆ. ಜಗಮಗಿಸುವ ಮದುವೆ ಛತ್ರದಿಂದ ಕತ್ತಲಿನ ಅಂಗಳಕ್ಕೆ ಕಾಲಿಟ್ಟ ಕ್ಷಣ ನೆನಪಿಸಿಕೊಳ್ಳಿ.

80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಹತ್ತಿಪ್ಪತ್ತು ಮೀಟರಿನೊಳಗೆ ಏನಾದರೂ ಕಂಡರೆ ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲಿ ಅದನ್ನು ದಾಟಿ ಹೋಗಿರುತ್ತೀರಿ. ನಿಮ್ಮನ್ನು ಉಳಿಸುವುದು ದೂರದ ಬೆಳಕು. ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್, ರಸ್ತೆಯಂಚಿನಲ್ಲಿ ನಡೆದು ಹೋಗುವ ಜನ, ಅಡ್ಡ ಬರುವ ದನ ಇವೆಲ್ಲ ಸಾಕಷ್ಟು ಮೊದಲೇ ಕಾಣಬೇಕು. ಕಿಟ್ ಹಾಳು ಮಾಡುವುದು ಅದೇ ದೂರದ ನೋಟವನ್ನು.

ಎದುರಿನವರ ಕಣ್ಣಿಗೆ ಏನಾಗುತ್ತದೆ?

ತೀಕ್ಷ್ಣ ಬೆಳಕು ನೇರವಾಗಿ ಕಣ್ಣಿಗೆ ಹೊಡೆದಾಗ ಅದು ಕಣ್ಣಿನೊಳಗೆ ಚದುರಿ ಮಂಜಿನಂಥ ಪರದೆ ಕವಿಯುತ್ತದೆ. ಆ ಪರದೆಯ ಹಿಂದೆ ರಸ್ತೆ ಮಾಯವಾಗುತ್ತದೆ. ವಾಹನ ದಾಟಿ ಹೋದ ಮೇಲೂ ದೃಷ್ಟಿ ಮೊದಲಿನಂತಾಗಲು ಕೆಲವು ಸೆಕೆಂಡು ಹಿಡಿಯುತ್ತದೆ. ಮೂರೇ ಸೆಕೆಂಡು ಎಂದಿಟ್ಟುಕೊಳ್ಳಿ. 60 ಕಿ.ಮೀ. ವೇಗದಲ್ಲಿ ಬರುತ್ತಿರುವ ಬೈಕ್ ಸವಾರ ಅಷ್ಟರಲ್ಲಿ 50 ಮೀಟರ್ ದೂರವನ್ನು ಕಣ್ಣು ಕಟ್ಟಿಕೊಂಡಂತೆ ದಾಟಿರುತ್ತಾನೆ.

ವಯಸ್ಸಾದಂತೆ ಕಣ್ಣಿನ ಮಸೂರ ಮಸುಕಾಗುವುದರಿಂದ ಬೆಳಕು ಇನ್ನೂ ಹೆಚ್ಚು ಚದುರುತ್ತದೆ. ಪೊರೆ ಬಂದವರ ಪಾಡು ಇನ್ನೂ ಕಷ್ಟ. "ರಾತ್ರಿ ಎದುರು ಗಾಡಿ ಬಂದ್ರೆ ನಂಗೇನೂ ಕಾಣಲ್ಲಪ್ಪ" ಎಂದು ನಿಮ್ಮ ತಂದೆ ಹೇಳಿದ್ದರೆ ಅದು ನೆಪವಲ್ಲ.

ಇನ್ನೊಂದು ಮಾತು. ಡಿವೈಡರ್ ಇಲ್ಲದ ರಸ್ತೆಯಲ್ಲಿ ನೀವು ಕುರುಡು ಮಾಡಿದ ಚಾಲಕ ಬರುತ್ತಿರುವುದು ನಿಮ್ಮ ಕಡೆಗೇ.

ಫಾರ್ವರ್ಡ್‌ಗಳಲ್ಲಿ ಬರುವ ಮಾತುಗಳು: ಯಾವುದು ನಿಜ?

"6000, 8000 ಕೆಲ್ವಿನ್ ಬಲ್ಬ್ ಹೆಚ್ಚು ಬೆಳಕು ಕೊಡುತ್ತದೆ" — ತಪ್ಪು. ಕೆಲ್ವಿನ್ ಅಂಕಿ ಬೆಳಕಿನ ಬಣ್ಣ ಹೇಳುತ್ತದೆ, ಪ್ರಮಾಣವನ್ನಲ್ಲ. ಹ್ಯಾಲೊಜನ್ ಬೆಳಕು ಸುಮಾರು 3200 ಕೆಲ್ವಿನ್, ನಸು ಹಳದಿ. ಕಾರು ಕಂಪನಿಗಳು ಹಾಕುವ ಕ್ಸೆನಾನ್ ಸುಮಾರು 4300 ಕೆಲ್ವಿನ್, ಬಿಳಿ. 6000 ದಾಟಿದರೆ ನೀಲಿ ಕಡೆಗೆ ತಿರುಗುತ್ತದೆ. ನೀಲಿ ಹೆಚ್ಚಿಸಿದಷ್ಟೂ ಬಲ್ಬಿನ ಉಪಯುಕ್ತ ಬೆಳಕು ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಕಣ್ಣಿಗೆ ಚುಚ್ಚುವುದು ಹೆಚ್ಚಾಗುತ್ತದೆ.

"ಕ್ಸೆನಾನ್ ಎಂದು ಬರೆದಿದ್ದರೆ ಅದು ಎಚ್‌ಐಡಿ" — ತಪ್ಪು. ಅನೇಕ ಸಾಧಾರಣ ಹ್ಯಾಲೊಜನ್ ಬಲ್ಬುಗಳ ಡಬ್ಬಿಯ ಮೇಲೂ ಈ ಪದ ಇರುತ್ತದೆ. ಒಳಗೆ ತುಂಬಿದ ಅನಿಲದಲ್ಲಿ ಕ್ಸೆನಾನ್ ಬೆರೆಸಿರಬಹುದು ಅಥವಾ ಗಾಜಿಗೆ ನೀಲಿ ಲೇಪ ಬಳಿದಿರಬಹುದು. ಲೇಪ ಬೆಳಕನ್ನು ಸೋಸಿ ಕಡಿಮೆ ಮಾಡುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಬಲಾಸ್ಟ್ ಇಲ್ಲದಿದ್ದರೆ ಅದು ಎಚ್‌ಐಡಿ ಅಲ್ಲ.

"ಎಚ್‌ಐಡಿ ಹಾಕಿಸಿ ಲೈಟನ್ನು ಸ್ವಲ್ಪ ಕೆಳಕ್ಕೆ ಇಳಿಸಿದರೆ ಯಾರಿಗೂ ತೊಂದರೆ ಇಲ್ಲ" — ತಪ್ಪು. ಕೆಳಕ್ಕೆ ಇಳಿಸಿದರೆ ಇಡೀ ಬೆಳಕು ಕೆಳಗಿಳಿಯುತ್ತದೆ, ಚದುರುವುದು ನಿಲ್ಲುವುದಿಲ್ಲ. ಮೇಲಕ್ಕೆ ಚೆಲ್ಲುವ ಬೆಳಕು ಚೆಲ್ಲುತ್ತಲೇ ಇರುತ್ತದೆ. ಇದ್ದ ದೂರದ ಬೆಳಕೂ ಹೋಗುತ್ತದೆ.

"ಎಚ್‌ಐಡಿ ಬೇಡ, 100/90 ವ್ಯಾಟ್ ಹ್ಯಾಲೊಜನ್ ಹಾಕಿಸಿ" — ಅಪಾಯ. ಎಚ್4 ಬಲ್ಬಿನ ನಿಗದಿತ ಅಳತೆ 60/55 ವ್ಯಾಟ್. ಡಿಪ್‌ನಲ್ಲಿ 55ರ ಬದಲು 90 ವ್ಯಾಟ್ ಉರಿಸಿದರೆ ವೈರು, ಸ್ವಿಚ್, ಹೋಲ್ಡರ್ ಎಲ್ಲದರ ಮೇಲೂ ಹೊರೆ ಬೀಳುತ್ತದೆ. ಹೋಲ್ಡರ್ ಕರಗುವುದು, ರಿಫ್ಲೆಕ್ಟರಿನ ಹೊಳಪು ಸುಟ್ಟು ಹೋಗುವುದು ಇದರ ಪರಿಣಾಮಗಳು. ಕಣ್ಣು ಕುಕ್ಕುವ ಸಮಸ್ಯೆ ಇಲ್ಲೂ ಇದೆ.

"ಎಚ್‌ಐಡಿ ಬೇಡ, ಎಲ್‌ಇಡಿ ಬಲ್ಬ್ ಹಾಕಿದರೆ ತೊಂದರೆ ಇಲ್ಲ" — ಬಹಳಷ್ಟು ಸಲ ತಪ್ಪು. ಅಲ್ಲಿಯೂ ಅದೇ ಬಟ್ಟಲಿನ ಕಥೆ. ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬಲ್ಬುಗಳಿಗೆ ಅನುಮತಿ ಸಿಕ್ಕಿದೆ, ಆದರೆ ಎಲ್ಲ ಕಾರುಗಳಿಗೂ ಅಲ್ಲ. ಯಾವ ಬಲ್ಬನ್ನು ಯಾವ ಹೆಡ್‌ಲೈಟ್ ಜೊತೆ ಪರೀಕ್ಷಿಸಿ ಪಾಸು ಮಾಡಿದ್ದಾರೋ ಆ ಜೋಡಿಗೆ ಮಾತ್ರ.

"ಮಂಜಿನಲ್ಲಿ ಹಳದಿ ಬೆಳಕು ಭೇದಿಸಿಕೊಂಡು ಹೋಗುತ್ತದೆ" — ಹೆಚ್ಚಾಗಿ ನಂಬಿಕೆ. ಮಂಜಿನ ಹನಿಗಳು ಬೆಳಕಿನ ಅಲೆಯುದ್ದಕ್ಕಿಂತ ಹತ್ತಾರು ಪಟ್ಟು ದೊಡ್ಡವು, ಹಾಗಾಗಿ ಅವು ಎಲ್ಲ ಬಣ್ಣವನ್ನೂ ಹೆಚ್ಚು ಕಡಿಮೆ ಒಂದೇ ರೀತಿ ಚದುರಿಸುತ್ತವೆ. ಹಳದಿಯಲ್ಲಿ ನೀಲಿ ಅಂಶ ಇಲ್ಲದಿರುವುದರಿಂದ ಕಣ್ಣಿಗೆ ಹಿತ ಎನಿಸಬಹುದು, ಅಷ್ಟೇ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಮಂಜು ಕವಿದಾಗ ನೆರವಿಗೆ ಬರುವುದು ಬಂಪರಿನ ಕೆಳಗಿರುವ, ಅಗಲಕ್ಕೆ ಹರಡುವ ಫಾಗ್ ಲ್ಯಾಂಪ್ ಮತ್ತು ಕಡಿಮೆ ವೇಗ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕೆಲ್ಲ ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್, ನಿಯಮ ಮೀರಿ ಬಿಡಿಭಾಗ ಅಳವಡಿಸಿ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ.

ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಬೆಳಕಿನ ಕುರಿತೇ ಇದೆ. ಮುಂದಿನ ದೀಪದ ಬೆಳಕು ಕೆಳಮುಖವಾಗಿರಬೇಕು. ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಅದು ಕುಕ್ಕಬಾರದು. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ರಾಜ್ಯದಾದ್ಯಂತ ವಿಶೇಷ ಕಾರ್ಯಾಚರಣೆ ನಡೆಸಿ ಪ್ರಕರಣ ದಾಖಲಿಸಿದ್ದರು.

"ಸಾರ್, ಇದಕ್ಕೆ ಇ-ಮಾರ್ಕ್ ಇದೆ, ಫುಲ್ ಲೀಗಲ್" ಎಂದು ಅಂಗಡಿಯವರು ಡಬ್ಬಿ ತೋರಿಸಬಹುದು. ಸ್ವಲ್ಪ ಯೋಚಿಸಿ. ಅಂತರರಾಷ್ಟ್ರೀಯ ನಿಯಮದಲ್ಲಿ ಎಚ್4, ಎಚ್7 ಎಂಬವು ತಂತಿ ಸುರುಳಿಯ ಬಲ್ಬುಗಳ ಹೆಸರು. ಕ್ಸೆನಾನ್ ಬಲ್ಬುಗಳಿಗೆ ಡಿ1ಎಸ್, ಡಿ2ಎಸ್ ಎಂಬ ಬೇರೆಯೇ ಹೆಸರುಗಳು, ಬೇರೆಯೇ ಹೋಲ್ಡರ್. ಆದ್ದರಿಂದ "ಎಚ್4 ಎಚ್‌ಐಡಿ" ಎಂಬ ವರ್ಗವೇ ಆ ನಿಯಮದಲ್ಲಿಲ್ಲ. ಡಬ್ಬಿಯ ಮೇಲಿನ ಗುರುತು ಬಲಾಸ್ಟ್ ರೇಡಿಯೊಗೆ ಅಡಚಣೆ ಮಾಡುವುದಿಲ್ಲ ಎಂಬುದಕ್ಕಷ್ಟೇ ಸಂಬಂಧಿಸಿದ್ದಿರಬಹುದು.

ದಂಡದ ಜೊತೆಗೆ ಇನ್ನೆರಡು ವಿಷಯಗಳಿವೆ. ವೈರಿಂಗ್ ಕತ್ತರಿಸಿ ಕಿಟ್ ಹಾಕಿಸಿದರೆ ವಿದ್ಯುತ್ ಭಾಗಗಳ ವಾರಂಟಿ ಕೈತಪ್ಪಬಹುದು. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಅಪಘಾತದ ನಂತರ ಕ್ಲೇಮಿಗೆ ತೊಡಕಾಗಬಹುದು.

ನಿಮ್ಮ ಹೆಡ್‌ಲೈಟ್ ಯಾವುದಕ್ಕೆ ಮಾಡಿದ್ದು? ಗಾಜಿನ ಮೇಲೇ ಬರೆದಿದೆ

ಹೆಡ್‌ಲೈಟ್‌ನ ಹೊರಗಾಜನ್ನು ಹತ್ತಿರದಿಂದ ನೋಡಿ. ಸಣ್ಣ ಇಂಗ್ಲಿಷ್ ಅಕ್ಷರಗಳು ಅಚ್ಚಾಗಿರುತ್ತವೆ.

- ಎಚ್‌ಸಿ, ಎಚ್‌ಆರ್ ಅಥವಾ ಎಚ್‌ಸಿಆರ್ ಇದ್ದರೆ ಅದು ಹ್ಯಾಲೊಜನ್‌ಗೆ ಮಾಡಿದ ಹೆಡ್‌ಲೈಟ್.
- ಡಿಸಿ, ಡಿಆರ್ ಅಥವಾ ಡಿಸಿಆರ್ ಇದ್ದರೆ ಕ್ಸೆನಾನ್‌ಗೆ ಮಾಡಿದ್ದು.
- ಕಾರಿನ ಮುಂದೆ ನಿಂತು ನೋಡಿದಾಗ ಬಲಕ್ಕೆ ತೋರುವ ಬಾಣವಿದ್ದರೆ ಅದು ನಮ್ಮಂತೆ ಎಡಬದಿಯಲ್ಲಿ ಗಾಡಿ ಓಡಿಸುವ ದೇಶಗಳಿಗೆ ಮಾಡಿದ್ದು.

ಈ ಬಾಣ ಬಹಳ ಮುಖ್ಯ. ಡಿಪ್ ಬೆಳಕಿನ ಗೆರೆ ರಸ್ತೆಯಂಚಿನ ಕಡೆಗೆ ಸ್ವಲ್ಪ ಮೇಲೇರುತ್ತದೆ, ನಡೆದು ಹೋಗುವವರು ಕಾಣಲೆಂದು. ನಮ್ಮಲ್ಲಿ ಅದು ಎಡಕ್ಕೆ ಏರಬೇಕು. ಅಮೆರಿಕ, ಚೀನಾದಂಥ ಬಲಬದಿ ಸಂಚಾರದ ದೇಶಗಳಿಗೆ ಮಾಡಿದ ಪ್ರೊಜೆಕ್ಟರನ್ನು ಆನ್‌ಲೈನ್‌ನಲ್ಲಿ ತರಿಸಿ ಹಾಕಿದರೆ ಅದೇ ಗೆರೆ ಬಲಕ್ಕೆ ಏರಿ ಎದುರಿನವರ ಮುಖಕ್ಕೆ ನೇರ ಹೊಡೆಯುತ್ತದೆ.

ಪ್ರೊಜೆಕ್ಟರ್ ಹಾಕಿಸಿದರೆ ಸರಿಯೇ?

ತಾಂತ್ರಿಕವಾಗಿ ಇದು ಬರೀ ಬಲ್ಬ್ ಬದಲಿಸುವುದಕ್ಕಿಂತ ಉತ್ತಮ. ಪ್ರೊಜೆಕ್ಟರಿನಲ್ಲಿ ಬೆಳಕನ್ನು ತಡೆಯುವ ತಟ್ಟೆ ಮತ್ತು ಮುಂದೆ ಮಸೂರ ಇರುವುದರಿಂದ ಗೆರೆ ಸ್ಪಷ್ಟವಾಗಿ ಬೀಳುತ್ತದೆ. ಆದರೆ ಹ್ಯಾಲೊಜನ್ ಬಲ್ಬಿಗೆ ಮಾಡಿದ ಪ್ರೊಜೆಕ್ಟರಿಗೂ ಎಚ್‌ಐಡಿ ಹೊಂದುವುದಿಲ್ಲ. ಅಲ್ಲಿ ಗೆರೆ ಉಳಿದರೂ ಬೆಳಕಿನ ಹಂಚಿಕೆ ಕೆಡುತ್ತದೆ.

ಅಂಗಡಿಗಳಲ್ಲಿ ಹೆಡ್‌ಲೈಟನ್ನು ಬಿಸಿ ಮಾಡಿ ಬಿಚ್ಚಿ, ಒಳಗೆ ಪ್ರೊಜೆಕ್ಟರ್ ಕೂರಿಸಿ, ಮತ್ತೆ ಅಂಟಿಸಿ ಕೊಡುತ್ತಾರೆ. ಅಂಟು ಸರಿಯಾಗಿ ಕೂರದಿದ್ದರೆ ಮೊದಲ ಮಳೆಗಾಲದಲ್ಲೇ ಒಳಗೆ ನೀರಾಡುತ್ತದೆ. ಎರಡೂ ಕಡೆಯ ಎತ್ತರ ಹೊಂದದಿರುವುದೂ ಉಂಟು. ಯುರೋಪಿನ ನಿಯಮಗಳು 2,000 ಲ್ಯೂಮೆನ್ ಮೀರಿದ ಡಿಪ್ ದೀಪಗಳಿಗೆ ತಾನೇ ಎತ್ತರ ಹೊಂದಿಸಿಕೊಳ್ಳುವ ವ್ಯವಸ್ಥೆ ಮತ್ತು ಗಾಜು ತೊಳೆಯುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿದ್ದು ಸುಮ್ಮನೆ ಅಲ್ಲ. ಹಿಂದಿನ ಸೀಟಿನಲ್ಲಿ ಮೂವರು ಕೂತು ಕಾರಿನ ಮೂತಿ ಮೇಲೆದ್ದರೆ, ಗಾಜಿನ ಮೇಲೆ ಧೂಳು ಕೂತರೆ, ಅಷ್ಟು ಬಲವಾದ ಬೆಳಕು ಎದುರಿನವರಿಗೆ ಮಾರಕ. ಅಂಗಡಿಯಲ್ಲಿ ಕೂರಿಸಿದ ಪ್ರೊಜೆಕ್ಟರಿಗೆ ಈ ಎರಡೂ ಇರುವುದಿಲ್ಲ. ಕಾನೂನಿನ ಕಣ್ಣಿನಲ್ಲೂ ಇದು ಮಾರ್ಪಾಡೇ.

ನಿಮ್ಮ ಮಾದರಿಯ ಮೇಲಿನ ವೇರಿಯಂಟ್‌ನಲ್ಲಿ ಕಂಪನಿಯೇ ಪ್ರೊಜೆಕ್ಟರ್ ಹೆಡ್‌ಲೈಟ್ ಕೊಟ್ಟಿದ್ದರೆ ಆ ಪೂರ್ತಿ ಸೆಟ್ ಹೊಂದುತ್ತದೆಯೇ ಎಂದು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ. ಹಾಕಿಸುವ ಮೊದಲು ಆರ್‌ಟಿಒ ಕಚೇರಿಯಲ್ಲೂ ಕೇಳುವುದು ಒಳಿತು.

ಕಂಪನಿಯಿಂದಲೇ ಕ್ಸೆನಾನ್ ಬಂದಿರುವ ಕಾರಿದ್ದರೆ

ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರು ಕೊಂಡವರಿಗೆ ಈ ಭಾಗ. ಕ್ಸೆನಾನ್ ಬಲ್ಬ್ ಒಮ್ಮೆಲೇ ಹೋಗುವುದಕ್ಕಿಂತ ಹೆಚ್ಚಾಗಿ ನಿಧಾನಕ್ಕೆ ಮುದಿಯಾಗುತ್ತದೆ. ಬೆಳಕು ಗುಲಾಬಿ ಅಥವಾ ನೇರಳೆ ಬಣ್ಣಕ್ಕೆ ತಿರುಗುವುದು, ಮಿಣುಕುವುದು, ತಾನಾಗಿ ಆರಿಹೋಗುವುದು ಅದರ ಲಕ್ಷಣಗಳು.

- ಹಳೆಯ ಬಲ್ಬಿನ ಬುಡದಲ್ಲಿ ಬರೆದ ವರ್ಗವನ್ನೇ ಕೊಳ್ಳಿ. ಡಿ1 ಮತ್ತು ಡಿ2 ಬಲ್ಬುಗಳು ಸುಮಾರು 85 ವೋಲ್ಟ್‌ನಲ್ಲಿ, ಪಾದರಸವಿಲ್ಲದ ಡಿ3 ಮತ್ತು ಡಿ4 ಬಲ್ಬುಗಳು ಸುಮಾರು 42 ವೋಲ್ಟ್‌ನಲ್ಲಿ ಉರಿಯುತ್ತವೆ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.
- ಕೊನೆಯಲ್ಲಿ ಎಸ್ ಇದ್ದರೆ ಪ್ರೊಜೆಕ್ಟರಿಗೆ, ಆರ್ ಇದ್ದರೆ ರಿಫ್ಲೆಕ್ಟರಿಗೆ.
- ಎರಡೂ ಬದಿಯ ಬಲ್ಬನ್ನು ಒಟ್ಟಿಗೆ ಬದಲಿಸಿ. ಇಲ್ಲದಿದ್ದರೆ ಎರಡೂ ಕಡೆಯ ಬಣ್ಣ ಬೇರೆ ಬೇರೆಯಾಗುತ್ತದೆ.
- ಇದರ ವೋಲ್ಟೇಜ್ ಪ್ರಾಣ ತೆಗೆಯುವಷ್ಟಿದೆ. ಯೂಟ್ಯೂಬ್ ನೋಡಿ ಮನೆಯಲ್ಲೇ ಕೈ ಹಾಕಬೇಡಿ, ತಿಳಿದವರಿಂದ ಮಾಡಿಸಿ.
- ಡಿ1, ಡಿ2 ಬಲ್ಬುಗಳಲ್ಲಿ ಅಲ್ಪ ಪ್ರಮಾಣದ ಪಾದರಸವಿದೆ. ಒಡೆದರೆ ಗಾಳಿಯಾಡಲು ಬಿಡಿ, ಚೂರುಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಹೆಡ್‌ಲೈಟ್ ಮಂಕಾಗಿದ್ದರೆ ಮೊದಲು ಇದನ್ನು ಮಾಡಿ

1. ಗಾಜು ನೋಡಿ. ಇವತ್ತಿನ ಹೆಡ್‌ಲೈಟ್ ಗಾಜು ನಿಜಕ್ಕೂ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಬಿಸಿಲಿಗೆ ಹಳದಿಯಾಗಿ ಬೆಳಕನ್ನು ತಡೆಯುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಫಾರ್ವರ್ಡ್ ಅರ್ಧ ಸತ್ಯ. ಪೇಸ್ಟಿನಲ್ಲಿರುವ ನುಣುಪು ಕಣಗಳು ಮೇಲಿನ ಹಳದಿ ಪದರವನ್ನು ಒಂದಿಷ್ಟು ಕೆರೆಯುತ್ತವೆ, ಆದರೆ ಬಿಸಿಲಿನಿಂದ ಕಾಯುವ ಲೇಪವನ್ನು ಮರಳಿ ಕೊಡುವುದಿಲ್ಲ. ಬೇಗನೆ ಮತ್ತೆ ಹಳದಿಯಾಗುತ್ತದೆ. ನೀರು ಹಾಕಿ ನುಣುಪು ಉಪ್ಪುಕಾಗದದಿಂದ ಉಜ್ಜಿ, ಪಾಲಿಶ್ ಮಾಡಿ, ಮೇಲೆ ಯುವಿ ಲೇಪ ಹಚ್ಚಿಸುವುದು ಸರಿಯಾದ ವಿಧಾನ.

2. ವೋಲ್ಟೇಜ್ ಪರೀಕ್ಷಿಸಿ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ 10 ಶೇಕಡಾ ಕಡಿಮೆಯಾದರೆ ಬೆಳಕು ಸುಮಾರು 30 ಶೇಕಡಾ ಕುಸಿಯುತ್ತದೆ. ಹಳೆಯ ಕಾರುಗಳಲ್ಲಿ ತುಕ್ಕು ಹಿಡಿದ ಅರ್ಥ್ ವೈರು, ಸವೆದ ಸ್ವಿಚ್ಚಿನಿಂದ ಇದು ಮಾಮೂಲು. ಎಂಜಿನ್ ಚಾಲೂ ಇಟ್ಟು, ಲೈಟ್ ಹಾಕಿ, ಬ್ಯಾಟರಿಯಲ್ಲಿ ಮತ್ತು ಬಲ್ಬಿನ ಹೋಲ್ಡರಿನಲ್ಲಿ ಎಷ್ಟು ವೋಲ್ಟ್ ಇದೆ ಎಂದು ಎಲೆಕ್ಟ್ರಿಷಿಯನ್‌ನಿಂದ ಅಳತೆ ಮಾಡಿಸಿ. ವ್ಯತ್ಯಾಸ ಒಂದು ವೋಲ್ಟ್‌ಗಿಂತ ಹೆಚ್ಚಿದ್ದರೆ ವೈರಿಂಗ್ ಸರಿಮಾಡಿಸಿ, ಬೇಕಿದ್ದರೆ ರಿಲೇ ಹಾಕಿಸಿ. ಹಳೆಯ ಬಲ್ಬೇ ಹೊಸದರಂತೆ ಬೆಳಗಬಹುದು.

3. ಅದೇ ವ್ಯಾಟಿನ ಹೊಸ ಬಲ್ಬ್ ಹಾಕಿ. ಹ್ಯಾಲೊಜನ್ ಬಲ್ಬ್ ಹಳತಾದಂತೆ ಮಂಕಾಗುತ್ತದೆ. 60/55 ವ್ಯಾಟಿನಲ್ಲೇ ಹೆಚ್ಚು ಬೆಳಕು ಕೊಡುವ, ಒಳ್ಳೆಯ ಕಂಪನಿಯ ಬಲ್ಬುಗಳಿವೆ. ಬಾಳಿಕೆ ಸ್ವಲ್ಪ ಕಡಿಮೆ, ಆದರೆ ಬಟ್ಟಲಿಗೆ ಹೊಂದುತ್ತವೆ. ಹಾಕುವಾಗ ಗಾಜನ್ನು ಬೆರಳಿನಿಂದ ಮುಟ್ಟಬೇಡಿ. ಬೆರಳಿನ ಜಿಡ್ಡು ಕಾದು ಬಲ್ಬ್ ಬೇಗ ಹೋಗುತ್ತದೆ.

4. ಡ್ಯಾಶ್‌ಬೋರ್ಡಿನ 0-1-2-3 ಗುಂಡಿ ಬಳಸಿ. ಅನೇಕರು ಇದನ್ನು ಒಮ್ಮೆಯೂ ಮುಟ್ಟಿರುವುದಿಲ್ಲ. ಸೊನ್ನೆಯಲ್ಲಿದ್ದಾಗ ಬೆಳಕು ಅತಿ ಎತ್ತರ, ಚಾಲಕ ಒಬ್ಬರೇ ಇದ್ದಾಗ ಅದು ಸರಿ. ಹಿಂದೆ ಜನ, ಡಿಕ್ಕಿಯಲ್ಲಿ ಸಾಮಾನು ತುಂಬಿದಾಗ ಅಂಕಿ ಹೆಚ್ಚಿಸಿ. ಬೆಳಕು ಕೆಳಗಿಳಿಯುತ್ತದೆ.

5. ಗೋಡೆಯ ಮುಂದೆ ಪರೀಕ್ಷಿಸಿ. ಸಮತಟ್ಟಾದ ಜಾಗದಲ್ಲಿ ಕಾರನ್ನು ಗೋಡೆಗೆ ತಾಗುವಂತೆ ನಿಲ್ಲಿಸಿ, ಎರಡೂ ಬಲ್ಬಿನ ನಡುಮಧ್ಯದ ಎತ್ತರಕ್ಕೆ ಟೇಪ್ ಅಂಟಿಸಿ. ಗುಂಡಿ ಸೊನ್ನೆಯಲ್ಲಿರಲಿ. ಈಗ ನೇರವಾಗಿ 5 ಮೀಟರ್ ಹಿಂದಕ್ಕೆ ಬಂದು ಡಿಪ್ ಹಾಕಿ. ಬೆಳಕಿನ ಗೆರೆ ಟೇಪಿಗಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರಬೇಕು, ಎಡಬದಿಯಲ್ಲಿ ಮಾತ್ರ ಏರಬೇಕು. ಟೇಪಿಗಿಂತ ಮೇಲಿದ್ದರೆ ಎದುರಿನವರಿಗೆ ಕುಕ್ಕುತ್ತಿದೆ, ತೀರಾ ಕೆಳಗಿದ್ದರೆ ನಿಮಗೇ ಕಾಣುತ್ತಿಲ್ಲ. ಸರ್ವಿಸ್ ಸೆಂಟರಿನಲ್ಲಿ ಇದನ್ನು ಸರಿಪಡಿಸುತ್ತಾರೆ. ಗೆರೆಯೇ ಕಾಣದೆ ಬೆಳಕು ಗೋಡೆ ತುಂಬ ಹರಡಿದ್ದರೆ ಬಲ್ಬ್ ಸರಿಯಾಗಿ ಕೂತಿಲ್ಲ ಅಥವಾ ಹೊಂದದ ಬಲ್ಬ್ ಹಾಕಿದ್ದಾರೆ ಎಂದರ್ಥ.

6. ಮುಂಗಾಜು ಒರೆಸಿ. ಒಳಬದಿಯ ಜಿಡ್ಡು ಪದರ ರಾತ್ರಿಯ ಅರ್ಧ ಕಷ್ಟಕ್ಕೆ ಕಾರಣ. ಆಮೇಲೂ ಕಾಣದಿದ್ದರೆ ದೀಪದ ಬದಲು ಕಣ್ಣನ್ನು ಪರೀಕ್ಷೆ ಮಾಡಿಸಿ.

ಈಗಾಗಲೇ ಕಿಟ್ ಹಾಕಿಸಿದ್ದೀರಾ?

ಇವತ್ತೇ ರಾತ್ರಿ ಒಂದು ಕೆಲಸ ಮಾಡಿ. ಕಾರಿನ ಡಿಪ್ ಹಾಕಿ ನಿಲ್ಲಿಸಿ, 30 ಹೆಜ್ಜೆ ಮುಂದೆ ಹೋಗಿ, ಬೈಕ್ ಸವಾರ ಕೂರುವ ಎತ್ತರಕ್ಕೆ ಬಗ್ಗಿ ಹೆಡ್‌ಲೈಟ್ ಕಡೆ ಒಂದು ಕ್ಷಣ ನೋಡಿ. ಕಣ್ಣು ತಾನಾಗಿ ಮುಚ್ಚಿಕೊಂಡರೆ ಉತ್ತರ ಸಿಕ್ಕಂತೆ. ಹಳೆಯ ಹ್ಯಾಲೊಜನ್ ಬಲ್ಬನ್ನೇ ವಾಪಸ್ ಹಾಕಿಸಿ, ಮೇಲಿನ ಆರು ಕೆಲಸ ಮಾಡಿಸಿ.

ಮುಂದಿನ ಸಲ "ರಾತ್ರಿ ಹಗಲಾಗುತ್ತದೆ" ಎಂಬ ಸಂದೇಶ ಗುಂಪಿಗೆ ಬಂದರೆ ಫಾರ್ವರ್ಡ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿ: ಆ ಫೋಟೊದಲ್ಲಿ ಎದುರಿನಿಂದ ಬರುವವರಿಗೆ ಏನು ಕಾಣುತ್ತಿದೆ? ಆ ಫೋಟೊವನ್ನು ಯಾರೂ ಕಳಿಸುವುದಿಲ್ಲ.